ಬಿಟ್ಟುಕೊಡುವ ಅಂಟು

ತಾನಾಗಿ ನುಡಿಯುವ ಒಂದು ಪಿಯಾನೊ ಕಥೆಯನ್ನು ಇವತ್ತು ನಿಮ್ಮ ಮುಂದೆ ಇಡಬೇಕೆಂದು ಬಂದಿದ್ದೇನೆ. ಬಾನುಲಿಯಲ್ಲಿ ಕೂತು ಅದರ ಕಥೆ ಹೇಳುವುದು ಸ್ವಲ್ಪ ಇರುಸುಮುರುಸಿನ ಕೆಲಸ. ಯಾಕೆಂದರೆ ಆ ವಾದ್ಯದ ಬಾಯಿ ಕಟ್ಟಿಸಿದ್ದರಲ್ಲಿ ಬಾನುಲಿಯ ಪಾಲು ದೊಡ್ಡದು. ಆ ಮಾತಿಗೆ ಆಮೇಲೆ ಬರುತ್ತೇನೆ.

ನಾನು ಸಂಗೀತಗಾರನಲ್ಲ. ಬೆಂಗಳೂರಿನ ಕೈಗಡಿಯಾರದ ಕಾರ್ಖಾನೆಯಲ್ಲಿ 30 ವರ್ಷ ಫಿಟ್ಟರ್ ಆಗಿದ್ದವನು. ಮಗ ಅಮೆರಿಕದ ಓಹಾಯೋ ರಾಜ್ಯದಲ್ಲಿದ್ದಾನೆ. ನಿವೃತ್ತಿಯಾದ ಮೇಲೆ ನಾನೂ ನಮ್ಮ ಮನೆಯವರೂ ಆರಾರು ತಿಂಗಳು ಅಲ್ಲಿಗೆ ಹೋಗಿಬರುತ್ತೇವೆ. ಆ ಆರು ತಿಂಗಳು ಹೇಗಿರುತ್ತವೆಂದು ಹೋಗಿಬಂದ ಅಪ್ಪ ಅಮ್ಮಂದಿರಿಗೆ ಗೊತ್ತು. ಬೆಳಿಗ್ಗೆ ಎಲ್ಲರೂ ಕೆಲಸಕ್ಕೆ, ಶಾಲೆಗೆ ಹೋದರೆ ಮನೆಯಲ್ಲಿ ಉಳಿಯುವುದು ನಾವಿಬ್ಬರು, ಒಂದು ಟಿವಿ, ಕಿಟಕಿಯಾಚೆ ಒಂದು ಅಳಿಲು. ಗಡಿಯಾರ ಬಿಚ್ಚಿ ಜೋಡಿಸಿದ ಕೈಗೆ ಅಳಿಲು ನೋಡುವ ಕೆಲಸ ಎಷ್ಟು ದಿನ ಸಾಕಾದೀತು?

ನನ್ನ ಸೊಸೆ ಅಲ್ಲಿಯವಳು. ಅವಳ ಅಜ್ಜಿ ತೀರಿಕೊಂಡರು. ಮನೆ ಮಾರಾಟವಾಯಿತು, ಸಾಮಾನು ಹಂಚಿಕೆಯಾಯಿತು. ಬೆಳ್ಳಿ ಚಮಚಗಳಿಗೆ ಮೂರು ಜನ ಕೈಚಾಚಿದರಂತೆ, ಪಿಯಾನೊಗೆ ಯಾರೂ ಇಲ್ಲ. ಹೊರುವವರ ಕೂಲಿಯೇ ಅದರ ಬೆಲೆಗಿಂತ ಹೆಚ್ಚು. ಕೊನೆಗೆ ಸೊಸೆ, ‘ನಾನು ತೆಗೆದುಕೊಳ್ಳುತ್ತೇನೆ’ ಎಂದಳು. ಹತ್ತಿರಹತ್ತಿರ 400 ಕಿಲೋ ತೂಕದ ಆ ಮರದ ಬೀರು ನಾಲ್ಕು ಜನರ ಏದುಸಿರಿನಲ್ಲಿ ಮಗನ ಗ್ಯಾರೇಜಿಗೆ ಬಂದು ನಿಂತಿತು.

ಮಗ ಅದನ್ನು ಮಾಮೂಲು ಪಿಯಾನೊ ಎಂದುಕೊಂಡಿದ್ದ. ನನಗೆ ಅನುಮಾನ ಬಂದದ್ದು ಎರಡು ಕಡೆ. ಎದೆಯ ಮಟ್ಟದ ಹಲಗೆಯಲ್ಲಿ ಪಕ್ಕಕ್ಕೆ ಸರಿಯುವ ಎರಡು ಪುಟ್ಟ ಬಾಗಿಲುಗಳಿದ್ದವು. ಕೆಳಗೆ, ಮಾಮೂಲು ಪೆಡಲ್‌ಗಳ ಮೇಲೆ, ಮಡಚಿ ಒಳಗೆ ತಳ್ಳುವ ಒಂದು ಕಿಂಡಿ ಇತ್ತು. ಕಿಂಡಿ ತೆಗೆದರೆ ಹಾರ್ಮೋನಿಯಂ ತುಳಿಯುವಂಥ ಎರಡು ಅಗಲವಾದ ಪಾದದ ಹಲಗೆಗಳು ಹೊರಬಂದವು. ಮೇಲಿನ ಬಾಗಿಲು ಸರಿಸಿದರೆ ಕಾಗದದ ಸುರುಳಿ ಕೂರಿಸುವ ಜಾಗ, ಅದರ ನಡುವೆ ಸಾಲಾಗಿ ತೂತು ಕೊರೆದ ಹಿತ್ತಾಳೆ ಪಟ್ಟಿ. ಇಂಗ್ಲಿಷಿನಲ್ಲಿ ಇದನ್ನು ಪ್ಲೇಯರ್ ಪಿಯಾನೊ ಎನ್ನುತ್ತಾರೆ. ಜನರ ಬಾಯಲ್ಲಿ ಪಿಯಾನೋಲ. ಪಿಯಾನೋಲ ಎನ್ನುವುದು ಅಸಲಿಗೆ ಏಯೋಲಿಯನ್ ಕಂಪನಿಯ ಸರಕಿನ ಹೆಸರು. ಡೆಟ್ರಾಯಿಟ್‌ನ ಎಡ್ವಿನ್ ವೋಟಿ 1895ರಲ್ಲಿ ಮಾಡಿದ ಯಂತ್ರ ಅದು. ಡಾಲ್ಡಾ ಎಂದರೆ ವನಸ್ಪತಿ ಎಂದಾದ ಹಾಗೆ ಆ ಹೆಸರೂ ಎಲ್ಲಕ್ಕೂ ಅಂಟಿಕೊಂಡಿತು.

ನಿಮ್ಮ ಬಂಧುಗಳ ಮನೆಯಲ್ಲಿ ಇಂಥದೊಂದು ಇದ್ದರೆ ಮೊದಲು ಅದರ ಕುಲಗೋತ್ರ ಕೇಳಬೇಕು. ಕೀಗಳ ಮೇಲಿನ ಮುಚ್ಚಳದಲ್ಲಿ ಬಂಗಾರದ ಬಣ್ಣದ ಹೆಸರಿರುತ್ತದೆ. ಅದನ್ನು ಪೂರ್ತಿ ನಂಬುವ ಹಾಗಿಲ್ಲ. ಆ ಕಾಲದ ದೊಡ್ಡ ಅಂಗಡಿಗಳು ಕಾರ್ಖಾನೆಯಿಂದ ಹೆಸರಿಲ್ಲದ ಪಿಯಾನೊ ತರಿಸಿ ತಮ್ಮ ಹೆಸರು ಬರೆಸುತ್ತಿದ್ದವು. ನಮ್ಮದರ ಮೇಲಿದ್ದದ್ದೂ ಅಂಥ ಒಂದು ಅಂಗಡಿಯ ಹೆಸರೇ. ಎರಡನೆಯ ಗುರುತು ನಂಬರು. ಮೇಲಿನ ಮುಚ್ಚಳ ಎತ್ತಿ ಟಾರ್ಚು ಬಿಟ್ಟರೆ ಎರಕದ ಕಬ್ಬಿಣದ ಚೌಕಟ್ಟಿನ ಮೇಲೋ, ಶ್ರುತಿ ಗೂಟಗಳ ಪಕ್ಕದ ಮರದ ಮೇಲೋ ಐದಾರು ಅಂಕಿಯ ಒಂದು ಸಂಖ್ಯೆ ಸಿಗುತ್ತದೆ. ಪಿಯರ್ಸ್ ಪಿಯಾನೊ ಅಟ್ಲಾಸ್ ಎಂಬ ದಪ್ಪ ಪುಸ್ತಕದಲ್ಲಿ ಯಾವ ತಯಾರಕರ ಯಾವ ನಂಬರು ಯಾವ ವರ್ಷದ್ದು ಎಂಬ ಪಟ್ಟಿಯಿದೆ. ಆದರೆ ತಯಾರಕರು ಯಾರೆಂದೇ ಗೊತ್ತಿಲ್ಲದಿದ್ದರೆ ಪಟ್ಟಿ ಏನು ಮಾಡೀತು? ಆಗ ಮೂರನೆಯ ಗುರುತು. ಪಿಯಾನೊ ಮಾಡಿದವರು ಒಬ್ಬರು, ಅದರೊಳಗಿನ ಗಾಳಿಯಂತ್ರ ಮಾಡಿದವರು ಇನ್ನೊಬ್ಬರು ಇರುವುದುಂಟು. ನಮ್ಮ ಯಂತ್ರದ ಮೇಲೆ ನ್ಯೂಯಾರ್ಕಿನ ಸ್ಟ್ಯಾಂಡರ್ಡ್ ನ್ಯೂಮ್ಯಾಟಿಕ್ ಕಂಪನಿಯ ಹೆಸರಿತ್ತು. ಎಷ್ಟೋ ತಯಾರಕರ ಪಿಯಾನೊಗಳಿಗೆ ಯಂತ್ರ ಒದಗಿಸುತ್ತಿದ್ದ ಕಂಪನಿ ಅದು.

ನಾಲ್ಕನೆಯ ಗುರುತು ನನಗೆ ಎಲ್ಲಕ್ಕಿಂತ ಹಿಡಿಸಿದ್ದು. ಎಡತುದಿಯ ಮೊದಲನೆಯ ಕೀಯನ್ನು ಮೆಲ್ಲಗೆ ಎತ್ತಿ ಹೊರತೆಗೆದರೆ ಅದರ ಪಕ್ಕದ ಮರದ ಮೇಲೆ ಕೆಲವೊಮ್ಮೆ ಕೆಲಸಗಾರನ ಬರಹ ಇರುತ್ತದೆ. ನಮ್ಮದರಲ್ಲಿ ಪೆನ್ಸಿಲಿನಲ್ಲಿ ಎರಡು ಅಕ್ಷರ, ಪಕ್ಕದಲ್ಲಿ 1924. ಆ ಎರಡಕ್ಷರದ ಮನುಷ್ಯ ಯಾರೋ! ನಮ್ಮ ಕಾರ್ಖಾನೆಯಲ್ಲಿ ನಾವೂ ಹೀಗೆ ಮೇಲಿನವರ ಕಣ್ಣು ತಪ್ಪಿಸಿ ಒಳಗೆಲ್ಲೋ ಒಂದು ಗೀರು ಹಾಕುತ್ತಿದ್ದೆವು.

ಇನ್ನೊಂದು ಅಳತೆ ಉಂಟು. ಹಿತ್ತಾಳೆ ಪಟ್ಟಿಯ ಮೇಲೆ ಸ್ಕೇಲು ಇಟ್ಟು ಇಂಚಿಗೆ ಎಷ್ಟು ತೂತು ಎಂದು ಎಣಿಸಬೇಕು. 6 ಇದ್ದರೆ ಅದು 65 ಸ್ವರದ ಹಳೆಯ ಯಂತ್ರ. 9 ಇದ್ದರೆ ಪಿಯಾನೊದ ಅಷ್ಟೂ 88 ಸ್ವರ ನುಡಿಸುವ ಯಂತ್ರ. ಮೊದಮೊದಲು ಒಬ್ಬೊಬ್ಬ ತಯಾರಕನದು ಒಂದೊಂದು ಅಳತೆ. ಒಬ್ಬನ ಸುರುಳಿ ಇನ್ನೊಬ್ಬನ ಯಂತ್ರಕ್ಕೆ ಕೂರುತ್ತಿರಲಿಲ್ಲ. 1908ರ ಡಿಸೆಂಬರಿನಲ್ಲಿ ಬಫಲೋ ನಗರದಲ್ಲಿ ತಯಾರಕರೆಲ್ಲ ಸಭೆ ಸೇರಿ, ಸುರುಳಿಯ ಅಗಲ ಹನ್ನೊಂದೂಕಾಲು ಇಂಚು, ತೂತುಗಳು ಇಂಚಿಗೆ 6 ಅಥವಾ 9 ಎಂದು ಒಪ್ಪಿಕೊಂಡರು. ತಿರುಪಿನ ಸುತ್ತು ಹೊಂದದೆ ತಲೆ ಚಚ್ಚಿಕೊಂಡ ಫಿಟ್ಟರ್‌ಗಳಿಗೆ ಆ ಒಪ್ಪಂದದ ಬೆಲೆ ಗೊತ್ತಾಗುತ್ತದೆ. ಇವತ್ತು ಅಂಚೆಯಲ್ಲಿ ತರಿಸಿದ ಹೊಸ ಸುರುಳಿ ನೂರು ವರ್ಷದ ಯಂತ್ರದೊಳಗೆ ತಕರಾರಿಲ್ಲದೆ ಕೂರುವುದು ಆ ಸಭೆಯ ಪುಣ್ಯ.

ಈಗ, ಇದು ನುಡಿಯುವುದು ಹೇಗೆ? ದೊಡ್ಡಬಳ್ಳಾಪುರದ ಕಡೆ ಮಗ್ಗದ ಮನೆಗೆ ಹೋದವರು ಜಕಾರ್ಡ್ ನೋಡಿರುತ್ತೀರಿ. ಮಗ್ಗದ ಮೇಲೆ ಸರಪಳಿಯಂತೆ ಹೊಲಿದ ತೂತಿನ ರಟ್ಟುಗಳು. ತೂತು ಇದ್ದಲ್ಲಿ ಎಳೆ ಏಳುತ್ತದೆ, ಸೆರಗಿನಲ್ಲಿ ಹೂವು ಬೀಳುತ್ತದೆ. ಇಲ್ಲಿ ರಟ್ಟಿನ ಬದಲು ಕಾಗದದ ಸುರುಳಿ, ಎಳೆಯ ಬದಲು ಸ್ವರ. ನಡುವೆ ಕೆಲಸ ಮಾಡುವುದು ಗಾಳಿ. ಹಾರ್ಮೋನಿಯಂ ತಿದಿ ಗಾಳಿಯನ್ನು ಒತ್ತಿ ಹೊರಗೆ ತಳ್ಳುತ್ತದಲ್ಲ, ಈ ತಿದಿ ಅದಕ್ಕೆ ತಿರುಗುಮುರುಗು. ಪಾದದಲ್ಲಿ ತುಳಿದಾಗ ಒಳಗಿನ ಗಾಳಿಯನ್ನು ಹೀರಿ ತೆಗೆಯುತ್ತದೆ. ಊದುವ ಯಂತ್ರವಲ್ಲ, ಉಸಿರೆಳೆಯುವ ಯಂತ್ರ.

ಒಂದು ಸ್ವರವನ್ನು ಹಿಂಬಾಲಿಸೋಣ. ಕಾಗದದ ತೂತು ಹಿತ್ತಾಳೆಯ ತೂತಿನ ಮೇಲೆ ಬಂದು ನಿಂತಿತು. ಹೊರಗಿನ ಗಾಳಿ ಒಂದು ಸಣ್ಣ ರಬ್ಬರ್ ಕೊಳವೆಯಲ್ಲಿ ನುಗ್ಗಿತು. ಕೊಳವೆಯ ತುದಿಯಲ್ಲಿ ಹಪ್ಪಳಕ್ಕಿಂತ ತೆಳುವಾದ, ನಾಣ್ಯದಷ್ಟು ದುಂಡಗಿನ ತೊಗಲು. ಅದು ಪೂರಿಯ ಹಾಗೆ ಉಬ್ಬಿ ಮೇಲಿನ ಪುಟ್ಟ ವಾಲ್ವನ್ನು ಎತ್ತಿತು. ವಾಲ್ವ್ ಎದ್ದೊಡನೆ ಆ ಸ್ವರಕ್ಕೆ ಸೇರಿದ, ಬೆರಳುದ್ದದ ತಿದಿಯೊಳಗಿನ ಗಾಳಿಯನ್ನು ದೊಡ್ಡ ತಿದಿ ಹೀರಿಕೊಂಡಿತು. ಪುಟ್ಟ ತಿದಿ ಚಪ್ಪಟೆಯಾಯಿತು. ಆಗುವಾಗ ಒಂದು ಕಡ್ಡಿಯನ್ನು ತಳ್ಳಿತು, ಸುತ್ತಿಗೆ ತಂತಿಗೆ ಬಡಿಯಿತು. ತೂತು ದಾಟಿದ ಮೇಲೆ, ಸೂಜಿ ಮೊನೆಯಷ್ಟು ಸಣ್ಣ ಇನ್ನೊಂದು ಕಿಂಡಿಯಿಂದ ಉಳಿದ ಗಾಳಿ ಹೊರಟುಹೋಗಿ ತೊಗಲು ಮತ್ತೆ ಮಲಗಿತು. ನಾನು ಹೇಳಲು ತೆಗೆದುಕೊಂಡ ಹೊತ್ತಿನಲ್ಲಿ ಯಂತ್ರ ಇದನ್ನು ನೂರಾರು ಸಲ ಮಾಡಿ ಮುಗಿಸುತ್ತದೆ. ಇಂಥ ತಿದಿ, ವಾಲ್ವ್, ಕೊಳವೆ ಸ್ವರಕ್ಕೆ ಒಂದೊಂದರಂತೆ 88. ಕಾಗದ ಸುತ್ತುವ ಮೋಟಾರು ಕೂಡ ಗಾಳಿಯದೇ. ಸುರುಳಿಯ ಮೇಲೆ ವೇಗ 70 ಎಂದು ಬರೆದಿದ್ದರೆ ನಿಮಿಷಕ್ಕೆ 7 ಅಡಿ ಕಾಗದ ಸರಿಯಬೇಕು ಎಂದರ್ಥ. ಇಷ್ಟಕ್ಕೆಲ್ಲ ಕರೆಂಟು ಬೇಡ, ಎರಡು ಕಾಲು ಸಾಕು.

ತಾನಾಗಿ ನುಡಿಯುತ್ತದೆ ಎಂದೆನಲ್ಲ, ಆ ಮಾತು ಅರ್ಧ ಸುಳ್ಳು. ಯಾವ ಸ್ವರ, ಯಾವಾಗ ಎಂಬುದು ಕಾಗದದಲ್ಲಿದೆ. ಜೋರೋ ಮೆಲ್ಲಗೋ ಎಂಬುದು ತುಳಿಯುವವರ ಪಾದದಲ್ಲಿದೆ. ಅದೇ ಸುರುಳಿಯನ್ನು ಒಬ್ಬರು ತುಳಿದರೆ ಹಾಡು, ಇನ್ನೊಬ್ಬರು ತುಳಿದರೆ ಗಿರಣಿ.

ಇಂಥ ಯಂತ್ರ ಒಂದು ಕಾಲದಲ್ಲಿ ಅಮೆರಿಕದ ನಡುಮನೆಯ ದೊರೆಯಾಗಿತ್ತು. 1923ರ ಹೊತ್ತಿಗೆ ಅಲ್ಲಿ ತಯಾರಾಗುತ್ತಿದ್ದ ಪಿಯಾನೊಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪ್ಲೇಯರ್‌ಗಳೇ. ರ‍್ಯಾಗ್‌ಟೈಮ್ ಸಂಗೀತದ ಸ್ಕಾಟ್ ಜಾಪ್ಲಿನ್ ಸಾಯುವ ಹಿಂದಿನ ವರ್ಷ, 1916ರಲ್ಲಿ, ಕೆಲವು ಸುರುಳಿಗಳಿಗೆ ನುಡಿಸಿದ. ಅವನ ಧ್ವನಿಮುದ್ರಿಕೆ ಒಂದೂ ಇಲ್ಲ. ಅವನ ಕೈಬೆರಳಿನ ಸುಳಿವು ಉಳಿದಿದ್ದರೆ ಆ ಕಾಗದದ ತೂತುಗಳಲ್ಲಿ ಮಾತ್ರ. ಸುರುಳಿಗಾಗಿ ಮೊಕದ್ದಮೆಯೂ ನಡೆಯಿತು. ಹಾಡು ಬರೆದವರಿಗೆ ಸುರುಳಿ ಮಾಡುವವರು ಗೌರವಧನ ಕೊಡಬೇಕೇ ಎಂಬ ಪ್ರಶ್ನೆ. ಮನುಷ್ಯರ ಕಣ್ಣು ಓದಲಾರದ ತೂತುಗಳು ಹಾಡಿನ ನಕಲಲ್ಲ ಎಂದು 1908ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಹೇಳಿತು. ಮರುವರ್ಷವೇ ಸರ್ಕಾರ ಕಾನೂನು ತಿದ್ದಿ ಹಾಡು ಕಟ್ಟುವವರ ಕೈಗೆ ನಾಲ್ಕು ಕಾಸು ಬರುವ ದಾರಿ ಮಾಡಿತು.

ಆಮೇಲೆ ಬಂತು ನೋಡಿ, ಬಾನುಲಿ. 1920ರ ನವೆಂಬರಿನಲ್ಲಿ ಪಿಟ್ಸ್‌ಬರ್ಗಿನ ಕೆಡಿಕೆಎ ಕೇಂದ್ರ ಬಿತ್ತರ ಶುರುಮಾಡಿತು. ಹತ್ತು ವರ್ಷದೊಳಗೆ ಊರೂರಿಗೆ ರೇಡಿಯೊ. ಕಾಲು ನೋಯಿಸಿಕೊಳ್ಳದೆ ಕೂತಲ್ಲೇ ವಾದ್ಯಗೋಷ್ಠಿ ಕೇಳುವಾಗ ತುಳಿಯುವವರು ಯಾರು? ವಿದ್ಯುತ್ ಗ್ರಾಮಫೋನು ಒಂದು ಏಟು ಹಾಕಿತು, 1929ರ ಷೇರುಪೇಟೆಯ ಕುಸಿತ ಕೊನೆಯ ಏಟು ಹಾಕಿತು. ನಮ್ಮಲ್ಲಿ ಮೈಸೂರಿನ ಪ್ರೊಫೆಸರ್ ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದ 1935ರ ಹೊತ್ತಿಗೆ ಅಲ್ಲಿ ಈ ವಾದ್ಯದ ಕಥೆ ಹೆಚ್ಚುಕಡಿಮೆ ಮುಗಿದಿತ್ತು. ತಿದಿಯ ವಾದ್ಯಕ್ಕೂ ಬಾನುಲಿಗೂ ಏನೋ ಜಾತಕ ದೋಷ ಇರಬೇಕು. ಬಡಪಾಯಿ ಹಾರ್ಮೋನಿಯಂ ಕೂಡ 1940ರಿಂದ 1971ರವರೆಗೆ ನಮ್ಮ ಆಕಾಶವಾಣಿಯ ಹೊಸ್ತಿಲಾಚೆ ನಿಂತಿತ್ತಲ್ಲ! ಅದಕ್ಕೆ ಬೇರೆ ಕಾರಣ, ಬೇರೆ ಜಗಳ.

ಗ್ಯಾರೇಜಿಗೆ ಮರಳೋಣ. ಪಾದ ಇಟ್ಟು ತುಳಿದೆ. ಹಲಗೆ ಲಟಲಟ ಎಂದು ಸಲೀಸಾಗಿ ಇಳಿಯಿತು. ಸಲೀಸಾಗಿ ಇಳಿದರೆ ಕೆಟ್ಟ ಸುದ್ದಿ. ಗಾಳಿ ಎಲ್ಲೆಲ್ಲೋ ಸೋರುತ್ತಿದೆ ಎಂದರ್ಥ. ಮುಂದಿನ ಹಲಗೆ ತೆಗೆದು ನೋಡಿದರೆ ದೊಡ್ಡ ತಿದಿಯ ಬಟ್ಟೆ ಮಡಿಕೆಮಡಿಕೆಗೂ ಬಿರಿದಿತ್ತು. ರಬ್ಬರ್ ಕೊಳವೆಗಳು ಒಣಗಿದ ಕಡ್ಡಿಯಂತೆ ಮುಟ್ಟಿದರೆ ಮುರಿಯುತ್ತಿದ್ದವು. ಕೆಲವು ಯಂತ್ರಗಳಲ್ಲಿ ಸೀಸದ ಕೊಳವೆಗಳಿರುತ್ತವೆ. ಅವುಗಳ ಮೇಲೆ ಬಿಳಿ ಪುಡಿ ಕಂಡರೆ ಬರಿಗೈಯಲ್ಲಿ ಮುಟ್ಟಬೇಡಿ, ಊದಲೂ ಬೇಡಿ, ಅದು ವಿಷ. ಮಕ್ಕಳನ್ನು ದೂರ ಇಡಿ. ತಂತಿಗಳ ತಂಟೆಗೂ ನಾನು ಹೋಗಲಿಲ್ಲ. ಸುಮಾರು 230 ತಂತಿಗಳು ಸೇರಿ ಆ ಕಬ್ಬಿಣದ ಚೌಕಟ್ಟನ್ನು 15ರಿಂದ 20 ಟನ್ ಬಲದಲ್ಲಿ ಜಗ್ಗುತ್ತಿರುತ್ತವೆ. ಅದು ಶ್ರುತಿ ಕಲಿತವರ ಕೆಲಸ. ಅವರು ಬಂದು ಗೂಟಗಳ ಬಿಗಿ ಪರೀಕ್ಷಿಸಿ, ಇದು ಇನ್ನೂ ಶ್ರುತಿ ಹಿಡಿಯುತ್ತದೆ ಎಂದ ಮೇಲೆಯೇ ನಾನು ತಿದಿಗಳಿಗೆ ಕೈಹಾಕಿದ್ದು. ಗೂಟ ನಿಲ್ಲದ ಪಿಯಾನೊಗೆ ತಿದಿ ಕಟ್ಟುವುದು ತಳವಿಲ್ಲದ ಕೊಡಕ್ಕೆ ಕಲಾಯಿ ಹಾಕಿದಂತೆ.

ಬಿಚ್ಚುವ ಮುಂಚೆ ಸೊಸೆ ಪ್ರತಿಯೊಂದರ ಫೋಟೊ ತೆಗೆದಳು. ನಾನು ಪ್ರತಿ ಕೊಳವೆಗೂ, ಪ್ರತಿ ತಿದಿಗೂ ನಂಬರು ಬರೆದೆ. ಆ ಪುಟ್ಟ ತಿದಿಗಳು ಮೂರು ಅಂತಸ್ತಿನ ಹಲಗೆಗಳಿಗೆ ಅಂಟಿಕೊಂಡಿದ್ದವು. ತೆಳುವಾದ ಚಾಕುವನ್ನು ಅಂಟಿನ ಗೆರೆಗೆ ಹಿಡಿದು ಸಣ್ಣ ಸುತ್ತಿಗೆಯಲ್ಲಿ ತಟ್ಟಿದೆ. ಟಕ್! ಹಣ್ಣಾದ ಎಲೆ ತೊಟ್ಟು ಕಳಚಿದಂತೆ ಇಡೀ ತಿದಿ ಕೈಗೆ ಬಂತು. ಮರಕ್ಕೆ ಒಂದು ಗೀರೂ ಇಲ್ಲ. ನೂರು ವರ್ಷ ಹಿಡಿದುಕೊಂಡಿದ್ದ ಅಂಟು ಒಂದು ತಟ್ಟಿಗೆ ಬಿಟ್ಟುಕೊಟ್ಟಿತಲ್ಲ ಎಂದು ನಾನು ಒಳಗೊಳಗೇ ನಕ್ಕೆ. ಹಳೆಯ ಕಾಲದ ಅಂಟು, ಇಷ್ಟೇ ಇದರ ಶಕ್ತಿ ಎಂದುಕೊಂಡೆ.

ಬಟ್ಟೆ ಕತ್ತರಿಸುವ ಕೆಲಸ ನಮ್ಮ ಮನೆಯವರದು. ರವಿಕೆ ಹೊಲಿದು ಪಳಗಿದ ಕೈ. ರಬ್ಬರು ಲೇಪಿಸಿದ ತೆಳುವಾದ ಹತ್ತಿ ಬಟ್ಟೆಯಲ್ಲಿ 88 ಪಟ್ಟಿ, ಒಂದಕ್ಕೊಂದು ಕೂದಲಷ್ಟೂ ವ್ಯತ್ಯಾಸವಿಲ್ಲ. ನಾನು ಅಂಗಡಿಯಿಂದ ಬಡಗಿಗಳ ಬಿಳಿ ಅಂಟು ತಂದೆ. ಬಟ್ಟೆ ಅಂಟಿಸಿದೆ, ಮೊದಲ ಆರು ತಿದಿಗಳನ್ನು ಹಲಗೆಯ ಮೇಲೆ ಕೂರಿಸಿದೆ. ಒಂದು ದಿನ ಬಿಟ್ಟು ನೋಡಿದರೆ ಕಲ್ಲು! ಮೀಸೆ ತಿರುವಿಕೊಂಡೆ.

ಅಷ್ಟರಲ್ಲಿ ನಾಲ್ಕನೆಯದು ಸ್ವಲ್ಪ ಓರೆ ಕೂತಿದೆ ಎಂದು ಕಂಡಿತು. ತೆಗೆದು ಸರಿಮಾಡೋಣವೆಂದು ಚಾಕು ಹಿಡಿದು ತಟ್ಟಿದೆ. ಅಲ್ಲಾಡಲಿಲ್ಲ. ಇನ್ನಷ್ಟು ತಟ್ಟಿದೆ. ಚರ್ ಎಂದು ಸದ್ದಾಯಿತು. ಅಂಟು ಬಿಡಲಿಲ್ಲ, ಹಲಗೆಯೇ ಸೀಳಿ ಬಂತು. ತಿದಿಯ ಬೆನ್ನಿಗೆ ನೂರು ವರ್ಷದ ಮರದ ಸಿಬಿರು ಕಚ್ಚಿಕೊಂಡಿತ್ತು.

ಪಕ್ಕದ ಮನೆಯವರು ಒಬ್ಬ ಮುದುಕರ ವಿಳಾಸ ಕೊಟ್ಟರು. ಬದುಕೆಲ್ಲ ಇಂಥ ಯಂತ್ರಗಳನ್ನೇ ಕಟ್ಟಿದವರಂತೆ. ಬಂದರು, ಕೂತರು, ಸೀಳಿದ ಹಲಗೆಯನ್ನು ಹೆಬ್ಬೆರಳಲ್ಲಿ ಸವರಿದರು. ನನ್ನನ್ನು ಬೈಯಲಿಲ್ಲ. ‘ಇದನ್ನು ಮುಂದೆ ಬಿಚ್ಚುವವನು ನಿಮ್ಮನ್ನು ಬೈಯುತ್ತಾನೆ’ ಎಂದರು ಅಷ್ಟೆ.

ಅವರು ವಿವರಿಸಿದ್ದು ಇದು. ಬಟ್ಟೆಗೆ, ರಬ್ಬರಿಗೆ, ತೊಗಲಿಗೆ ಆಯಸ್ಸು ಇಂತಿಷ್ಟು ಎಂದು ಕಟ್ಟಿದವರಿಗೆ ಗೊತ್ತಿತ್ತು. ಮೂವತ್ತು, ನಲವತ್ತು ವರ್ಷಕ್ಕೊಮ್ಮೆ ಯಾರಾದರೂ ಬಿಚ್ಚಲೇಬೇಕು. ಅದಕ್ಕೇ ಅವರು ಪ್ರಾಣಿಗಳ ತೊಗಲು ಬೇಯಿಸಿ ಮಾಡಿದ ಅಂಟು ಬಳಸಿದರು. ಎಳೆತಕ್ಕೆ ಅದು ಬಲು ಗಟ್ಟಿ. ಬಿಸಿ, ತೇವ ಹಿಡಿದರೆ ಅಥವಾ ಗೆರೆಗೆ ಸರಿಯಾಗಿ ಚಾಕು ಹಿಡಿದು ತಟ್ಟಿದರೆ ಮಾತ್ರ ಬಿಡುತ್ತದೆ. ಅದು ಅಂಟಿನ ದೌರ್ಬಲ್ಯ ಅಂದುಕೊಂಡಿದ್ದೆನಲ್ಲ, ಅದೇ ಅದರ ಗುಣ. ನಮ್ಮಲ್ಲಿ ಹಳೆಯ ಬಡಗಿಗಳು ಸರೇಸು ಎನ್ನುತ್ತಿದ್ದದ್ದು ಇದನ್ನೇ. ಫಾರ್ಮೈಕಾ ಕಾಲ ಬಂದ ಮೇಲೆ ನಾವೂ ಮರೆತೆವು.

ಸರೇಸಿನ ಹರಳನ್ನು ತಣ್ಣೀರಲ್ಲಿ ನೆನೆಹಾಕಿ, ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು, 60 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು ಕಾಯಿಸಬೇಕು. ಕುದಿಸಿದರೆ ಸತ್ವ ಹೋಯಿತು. ನಾನು ಒಲೆ ಹಚ್ಚಲು ಹೋದರೆ ನಮ್ಮ ಮನೆಯವರು ಅಡ್ಡ ನಿಂತರು. ‘ಏನ್ರೀ, ಸಾರು ಕಾಯೋ ಒಲೆ ಮೇಲೆ ತೊಗಲು ಕಾಯಿಸ್ತೀರಾ? ನಡೀರಿ ಆಚೆ!’ ಕರೆಂಟಿನ ಒಲೆ ಹೊತ್ತುಕೊಂಡು ನಾನು ಗ್ಯಾರೇಜಿಗೆ ನಡೆದೆ. ಚಳಿಗಾಲದ ಗ್ಯಾರೇಜಿನಲ್ಲಿ ಅಂಟು ಹಚ್ಚಿದ ಕ್ಷಣದಲ್ಲೇ ಆರಿ ಪೊರೆ ಕಟ್ಟುತ್ತಿತ್ತು. ಒಂದು ತಿದಿಗೆ ಅರ್ಧ ನಿಮಿಷವೂ ಇಲ್ಲ. ಆ ಅರ್ಧ ನಿಮಿಷ ಕಲಿಯಲು ಹತ್ತು ತಿದಿ ಬೇಕಾಯಿತು.

ವೀಸಾ ಮುಗಿಯುವ ಹೊತ್ತಿಗೆ ಆದದ್ದು 50. ನಂಬರು ಬರೆದ ಡಬ್ಬಗಳಲ್ಲಿ ಉಳಿದದ್ದನ್ನು ತುಂಬಿಟ್ಟು ಬಂದೆ. ಮುಂದಿನ ಸಲ ಹೋಗುವಷ್ಟರಲ್ಲಿ ಸೊಸೆ ತಾನೇ ಕಲಿತು ಇನ್ನೂ 20 ಮುಗಿಸಿದ್ದಳು. ‘ಮಾವ, ನಿಮ್ಮದಕ್ಕಿಂತ ನನ್ನವು ನೆಟ್ಟಗಿವೆ’ ಎಂದು ತೋರಿಸಿದಳು. ನಿಜವಾಗಿ ನೆಟ್ಟಗಿದ್ದವು.

ಸುರುಳಿಗಳು ಪಿಯಾನೊ ಮುಂದಿನ ಪೆಟ್ಟಿಗೆ ಬೆಂಚಿನಲ್ಲಿದ್ದವು, ಇಪ್ಪತ್ತೋ ಏನೋ. ಕಾಗದದ ಅಂಚು ಒಣಗಿದ ಬಾಳೆಲೆಯಂತೆ ಹರಿಯುತ್ತಿತ್ತು. ಕೆಲವದರ ಬಲ ಅಂಚಿನಲ್ಲಿ ಹಾಡಿನ ಮಾತುಗಳು ಅಚ್ಚಾಗಿದ್ದವು. ಸುರುಳಿ ಕೆಳಗಿಳಿಯುತ್ತಾ ಹೋಗುವುದರಿಂದ ಸಾಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಅಜ್ಜಿ ತುಳಿಯುತ್ತಿದ್ದರಂತೆ, ಮಕ್ಕಳೆಲ್ಲ ಹೆಗಲ ಹಿಂದೆ ನಿಂತು ಓದಿ ಹಾಡುತ್ತಿದ್ದರಂತೆ. ಒಂದು ಡಬ್ಬದ ಮೇಲೆ ಅಜ್ಜಿಯ ಕೈಬರಹ: ‘ನಿಧಾನ’.

ಉಳಿದ ತಿದಿಗಳೂ ಮುಗಿದು, ಕೊನೆಗೆ ಒಂದು ಭಾನುವಾರ ಸೊಸೆ ಬೆಂಚಿನ ಮೇಲೆ ಕೂತಳು. ಅಜ್ಜಿಯ ಆ ‘ನಿಧಾನ’ದ ಸುರುಳಿಯನ್ನೇ ಹಾಕಿದಳು. ಪಾದ ಒತ್ತಿದರೆ ಹಲಗೆ ಎದುರು ತಳ್ಳಿತು. ಬಿಗಿ ಬಂದಿದೆ! ಮೊದಲ ಸ್ವರಗಳು ಬಿದ್ದವು. ಕೀಗಳು ಕಾಣದ ಬೆರಳು ಒತ್ತಿದಂತೆ ತಾವಾಗಿ ಇಳಿದವು. ಮೊಮ್ಮಗ ಕಿರುಚಿ ನಮ್ಮ ಮನೆಯವರ ಸೆರಗು ಹಿಡಿದ. ಏಳು ಸ್ವರ ಮೂಕವಾಗಿದ್ದವು. ಒಂದಂತೂ ಒತ್ತಿದ್ದು ಒತ್ತಿದಂತೆ ಬಿಡಲೇ ಇಲ್ಲ. ಸೂಜಿಮೊನೆ ಕಿಂಡಿಯಲ್ಲಿ ಕಸ ಕೂತಿತ್ತು. ಅದನ್ನೆಲ್ಲ ಸರಿಮಾಡಲು ಇನ್ನೂ ಮೂರು ವಾರ ಹಿಡಿಯಿತು. ಆದರೆ ಆ ಭಾನುವಾರ ಯಾರಿಗೂ ಅದರ ಗಮನವಿರಲಿಲ್ಲ. ಸೊಸೆ ಕೆಳಗಿನಿಂದ ಮೇಲಕ್ಕೆ ಓದುತ್ತಾ ಹಾಡುತ್ತಿದ್ದಳು, ನಿಧಾನವಾಗಿ.

ಮುಂದಿನ ಹಲಗೆ ಮುಚ್ಚುವ ಮುಂಚೆ ನಾನು ಪೆನ್ಸಿಲು ತೆಗೆದುಕೊಂಡೆ. ಒಳಗಡೆ, ಬೆಳಕು ಬೀಳದ ಜಾಗದಲ್ಲಿ, ವರ್ಷ ಹಾಕಿ ಕನ್ನಡದಲ್ಲಿ ಬರೆದೆ: ‘ಎಲ್ಲ ಸರೇಸಿನಲ್ಲಿ ಅಂಟಿಸಿದೆ, ತಟ್ಟಿದರೆ ಬಿಡುತ್ತದೆ. ಎಡದಿಂದ 1ರಿಂದ 6 ಮಾತ್ರ ಬಿಳಿ ಅಂಟು. ಅಲ್ಲಿ ಹಲಗೆಗೆ ತೇಪೆ ಇದೆ, ಹುಷಾರು. ತಪ್ಪು ನನ್ನದು.’ ಸೊಸೆ ಅದನ್ನೇ ಕೆಳಗೆ ಇಂಗ್ಲಿಷಿನಲ್ಲಿ ಬರೆದಳು. ಕನ್ನಡ ಓದುವವರು ಆ ಹಲಗೆ ಬಿಚ್ಚುತ್ತಾರೋ ಇಲ್ಲವೋ. ಬಿಚ್ಚುವವರು ಯಾರೇ ಆಗಲಿ, ಆ ಆರು ತಿದಿಯ ಹತ್ತಿರ ಬಂದಾಗ ನನ್ನನ್ನು ಬೈಯಲು ಅವರಿಗೆ ಪೂರ್ತಿ ಹಕ್ಕಿದೆ. ಉಳಿದ 82ರ ಹತ್ತಿರ ಬಂದಾಗ ಬೈಯಲಾರರು ಎಂಬಷ್ಟು ಧೈರ್ಯ ನನಗಿದೆ.